ರಹೀಮ್ ಮೇಷ್ಟ್ರು

ಸಂಜೆ ಶಾಲೆಯ ಗಂಟೆ ಬಾರಿಸಿದ ಮೇಲೆ ನಮ್ಮ ಗಣಪತಿಯಲ್ಲಿ ಸತ್ಯಮಂಗಲದ ರಸ್ತೆಯಿಂದ ಒಳಬೀದಿಗಳ ಕಡೆಗೆ ತಿರುಗಿದರೆ, ಒಂದಲ್ಲ ಒಂದು ಖಾಲಿ ನಿವೇಶನದಲ್ಲಿ ಹುಡುಗರು ಚೆಂಡು ಒದೆಯುತ್ತಿರುವುದು ಕಾಣುತ್ತದೆ. ನಾಲ್ಕು ಚಪ್ಪಲಿಗಳೇ ಅವರ ಗೋಲುಕಂಬಗಳು. ಒಬ್ಬ ತಮಿಳಿನಲ್ಲಿ ಕೂಗುತ್ತಾನೆ, ಇನ್ನೊಬ್ಬ ಕನ್ನಡದಲ್ಲಿ ಉತ್ತರ ಕೊಡುತ್ತಾನೆ, ಮೂರನೆಯವನು ತೆಲುಗಿನಲ್ಲಿ ಜಗಳ ತೆಗೆಯುತ್ತಾನೆ. ಚೆಂಡಿಗೆ ಮಾತ್ರ ಭಾಷೆಯಿಲ್ಲ. ಹೀಗೆ ಆಡುವ ಹುಡುಗರಲ್ಲಿ ನಮ್ಮ ಶಾಲೆಯವರೂ ಇದ್ದಾರೆಂಬುದು ನಮಗೆ ಗೊತ್ತು. ಅವರ ತಂದೆ ತಾಯಂದಿರು ಬಂದು, ಈ ಹಾಳು ಚೆಂಡಿನಿಂದ ಹುಡುಗನ ಓದು ಕೆಟ್ಟಿತು, ಒಂದಿಷ್ಟು ಗದರಿಸಿ ಎಂದು ಕೇಳಿಕೊಳ್ಳುವುದೂ ಉಂಟು. ನಾವು ಗದರಿಸಿದ್ದೇವೆ, ಸುಳ್ಳು ಹೇಳುವುದಿಲ್ಲ. ಆದರೆ ಗದರಿಸಿದ ಮೇಲೆ ಪ್ರತಿಸಲವೂ ಹೈದರಾಬಾದಿನ ಒಬ್ಬ ಶಾಲಾ ಮಾಸ್ತರರ ನೆನಪು ನಮಗೆ ಬರುತ್ತದೆ. ಈ ಸಲದ ಸಂಚಿಕೆಗೆ ಅವರ ಕಥೆಯನ್ನೇ ಬರೆಯೋಣವೆಂದು ಕುಳಿತಿದ್ದೇವೆ.

ಅವರ ಹೆಸರು ಸೈಯದ್ ಅಬ್ದುಲ್ ರಹೀಮ್. ಆಟಗಾರರ ಬಾಯಲ್ಲಿ ರಹೀಮ್ ಸಾಹೇಬರು. 2024ರಲ್ಲಿ ಅವರ ಬದುಕನ್ನು ಆಧರಿಸಿದ ಹಿಂದಿ ಚಿತ್ರವೊಂದು ತೆರೆಕಂಡ ಮೇಲೆ ಹಲವು ಮನೆಗಳಲ್ಲಿ ಈ ಹೆಸರು ಕೇಳಿಬಂತು. ಸಿನಿಮಾ ಸಿನಿಮಾವೇ, ಅದರಲ್ಲಿ ನಡೆದದ್ದೂ ಇರುತ್ತದೆ, ನಡೆಯದ್ದೂ ಇರುತ್ತದೆ. ನಾವಿಲ್ಲಿ ನಡೆದದ್ದನ್ನಷ್ಟೇ ಹೇಳುತ್ತೇವೆ.

ರಹೀಮರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ರಾಜಧಾನಿ. ಇಂದಿನ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳ ನಮ್ಮ ಕನ್ನಡಿಗರೂ ಆ ಸಂಸ್ಥಾನದ ಪ್ರಜೆಗಳೇ ಆಗಿದ್ದರು. 1956ರವರೆಗೂ ಅವರ ರಾಜಧಾನಿ ಹೈದರಾಬಾದೇ. 1918ರಲ್ಲಿ ಅಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಗಣಿತ, ವೈದ್ಯ ಎಲ್ಲವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ದೇಶದ ಉಳಿದ ವಿಶ್ವವಿದ್ಯಾಲಯಗಳೆಲ್ಲ ಇಂಗ್ಲಿಷಿಗೆ ಜೋತುಬಿದ್ದಿದ್ದ ಕಾಲದಲ್ಲಿ ಅದೊಂದು ದೊಡ್ಡ ಸಾಹಸ. ತೆಲುಗು, ಕನ್ನಡ, ಮರಾಠಿ ಮನೆಗಳ ಮಕ್ಕಳಿಗೆ ಉರ್ದು ತಾಯಿನುಡಿಯಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಕೆಲಸ ಮಾಡುವ ನಮಗೆ ಈ ಸಂಗತಿಯ ಎರಡು ಮಗ್ಗುಲೂ ಗೊತ್ತಾಗುತ್ತದೆ. ರಹೀಮರಿಗಂತೂ ಉರ್ದು ಮನೆಮಾತು. ಅವರು ಆ ವಿಶ್ವವಿದ್ಯಾಲಯದಲ್ಲಿ ಓದಿ ಬಿ.ಎ. ಪದವಿ ಪಡೆದರು, ಅದರ ಕಾಲ್ಚೆಂಡಾಟದ ತಂಡದಲ್ಲಿಯೂ ಆಡಿದರು.

ಓದು ಮುಗಿದ ಮೇಲೆ ಅವರು ಹಿಡಿದದ್ದು ಶಾಲಾ ಮಾಸ್ತರಿಕೆ. ಮೊದಲು ಕಾಚಿಗುಡ ಮಾಧ್ಯಮಿಕ ಶಾಲೆ, ಆಮೇಲೆ ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ, ಹೀಗೆ ನಗರದ ಹಲವು ಶಾಲೆಗಳಲ್ಲಿ ಅವರು ಪಾಠ ಹೇಳಿದರು. ಕಾಚಿಗುಡ ಎಂದರೆ ಬೆಂಗಳೂರಿನ ರೈಲು ಹೊರಡುವ ನಿಲ್ದಾಣವೆಂದು ನಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಗಳಲ್ಲಿ ಆಟದ ಹೊಣೆಯನ್ನೂ ವಹಿಸಿಕೊಂಡರು. ಅಂದರೆ ನಮ್ಮ ಮಕ್ಕಳ ಮಾತಿನಲ್ಲಿ, ಡ್ರಿಲ್ ಮೇಷ್ಟ್ರು. ಡ್ರಿಲ್ ಮೇಷ್ಟ್ರೆಂದರೆ ಸೀಟಿ ಊದಿ ಸಾಲು ನಿಲ್ಲಿಸುವವರು, ಮಳೆ ಬಂದರೆ ಪೀರಿಯಡ್ಡನ್ನು ಗಣಿತದವರಿಗೆ ಬಿಟ್ಟುಕೊಡುವವರು ಎಂಬ ಭಾವನೆ ನಮ್ಮ ಕಡೆ ಬಹಳ ಕಾಲದಿಂದ ಇದೆ. ಆ ಕೆಲಸದಲ್ಲಿ ಎಷ್ಟು ಬುದ್ಧಿ ಹಾಕಬಹುದೆಂಬುದನ್ನು ರಹೀಮರಿಂದ ತಿಳಿಯಬೇಕು.

ಆ ಕಾಲದ ಹೈದರಾಬಾದಿನಲ್ಲಿ ಮೊಹಲ್ಲಾಗೊಂದು ಚೆಂಡಾಟದ ಕ್ಲಬ್ಬು. ಹತ್ತು ಹದಿನೈದು ಹುಡುಗರು ಸೇರಿ ಒಂದು ಹೆಸರಿಟ್ಟುಕೊಂಡರೆ ಕ್ಲಬ್ಬಾಯಿತು. ಕಟ್ಟಡವಿಲ್ಲ, ಹಣವಿಲ್ಲ, ಹೆಚ್ಚಿನವರಿಗೆ ಬೂಟೂ ಇಲ್ಲ. ರಹೀಮರು ಸ್ವತಃ ಇಂಥ ಸ್ಥಳೀಯ ತಂಡಗಳಲ್ಲಿ ಆಡಿದವರು. ವಿಶ್ವವಿದ್ಯಾಲಯದ ಹುಡುಗರು ಕಟ್ಟಿಕೊಂಡಿದ್ದ ಇಲೆವೆನ್ ಹಂಟರ್ಸ್ ಒಂದು, ಊರಿನ ಲೀಗಿನಲ್ಲಿ ಹೆಸರು ಮಾಡಿದ್ದ ಕಮರ್ ಕ್ಲಬ್ ಇನ್ನೊಂದು. ಆಟಗಾರರಾಗಿ ಅವರು ದೊಡ್ಡ ಹೆಸರು ಗಳಿಸಲಿಲ್ಲ. ಈ ಮಾತನ್ನು ಮುಚ್ಚಿಡಬೇಕಾಗಿಲ್ಲ. ಚೆನ್ನಾಗಿ ಆಡುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ; ಕಲಿಸುವವನಿಗೆ ಬೇರೊಂದು ಕಣ್ಣು ಬೇಕು. ಅದು ಅವರಿಗಿತ್ತು. ಯಾವ ಬೀದಿಯಲ್ಲಿ ಯಾವ ಹುಡುಗನ ಎಡಗಾಲು ಚುರುಕು, ಯಾವನು ಓಡುತ್ತಾನೆ ಆದರೆ ನೋಡುವುದಿಲ್ಲ ಎಂಬುದೆಲ್ಲ ಈ ಮೊಹಲ್ಲಾ ಕ್ಲಬ್ಬುಗಳ ಒಡನಾಟದಿಂದಲೇ ಅವರಿಗೆ ತಿಳಿಯಿತು.

1939ರಲ್ಲಿ ಹೈದರಾಬಾದಿನ ಚೆಂಡಾಟದ ಕ್ಲಬ್ಬುಗಳಿಗಾಗಿ ಒಂದು ಸಂಘ ಏರ್ಪಟ್ಟಿತು. ಅದರ ಅಧ್ಯಕ್ಷರಾಗಿದ್ದವರು ಎಸ್. ಎಂ. ಹಾದಿ. ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಶತಕ ಬಾರಿಸಿದವರು ಇವರೇ. ಟೆನ್ನಿಸ್ಸಿನಲ್ಲಿ ಡೇವಿಸ್ ಕಪ್ ಕೂಡ ಆಡಿದ್ದರು. ಕೆಲವೇ ವರ್ಷಗಳಲ್ಲಿ ರಹೀಮರು ಈ ಸಂಘದ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಆ ಹೊಣೆಯನ್ನು ಸಾಯುವವರೆಗೂ ಬಿಡಲಿಲ್ಲ. ಹಗಲು ಶಾಲೆ, ಸಂಜೆ ಮೈದಾನ, ರಾತ್ರಿ ಸಂಘದ ಕಾಗದಪತ್ರ. ಮಾಸ್ತರರ ಸಂಬಳದಲ್ಲಿ ನಡೆದ ಸಂಸಾರ ಅದು.

ಈಗ ಅವರ ನಿಜವಾದ ಕೆಲಸಕ್ಕೆ ಬರೋಣ. ನಮಗೆ ಅವರ ಪದಕಗಳಿಗಿಂತ ಇದೇ ಹೆಚ್ಚು ಇಷ್ಟ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಆಗಿನ ಕಾಲದಲ್ಲಿ ನಮ್ಮ ದೇಶದ ಆಟಗಾರನಿಗೆ ಚೆಂಡು ಸಿಕ್ಕಿತೆಂದರೆ ಅದು ಅವನ ಸ್ವಂತ ಆಸ್ತಿ. ಇಬ್ಬರನ್ನು, ಮೂವರನ್ನು, ನಾಲ್ವರನ್ನು ತಪ್ಪಿಸಿಕೊಂಡು ಸುತ್ತಿ ಸುತ್ತಿ ಮುನ್ನುಗ್ಗುವುದೇ ಆಟದ ಸೊಗಸು. ಜನ ಚಪ್ಪಾಳೆ ತಟ್ಟುವುದೂ ಅದಕ್ಕೇ. ಪಕ್ಕದಲ್ಲಿ ಜೊತೆಗಾರ ಖಾಲಿ ನಿಂತು ಕೈ ಎತ್ತಿದ್ದರೂ ಅವನಿಗೆ ಚೆಂಡು ಬರುತ್ತಿರಲಿಲ್ಲ. ರಹೀಮರು ಇದಕ್ಕೆ ಬೈಗುಳದ ಮದ್ದು ಕೊಡಲಿಲ್ಲ. ಸುತ್ತಿಸಿಕೊಂಡು ಓಡುವುದನ್ನೇ ನಿಷೇಧಿಸಿದ ಪಂದ್ಯಾವಳಿಯನ್ನು ಏರ್ಪಡಿಸಿದರು. ಚೆಂಡು ಬಂದೊಡನೆ ಇನ್ನೊಬ್ಬನಿಗೆ ಕೊಡಲೇಬೇಕು. ಕೊಡಬೇಕಾದರೆ ಯಾರು ಎಲ್ಲಿದ್ದಾನೆಂದು ಮೊದಲೇ ನೋಡಿಕೊಂಡಿರಬೇಕು. ಚೆಂಡಿಲ್ಲದವನೂ ಸುಮ್ಮನೆ ನಿಲ್ಲುವಂತಿಲ್ಲ, ಖಾಲಿ ಜಾಗಕ್ಕೆ ಓಡಬೇಕು. ಒಂದು ನಿಯಮ ಬದಲಾಯಿಸಿದ್ದಷ್ಟೇ; ಹನ್ನೊಂದು ಹುಡುಗರು ಒಂದು ತಂಡವಾದರು.

ಇನ್ನೊಂದು ಪಂದ್ಯಾವಳಿ ಇದಕ್ಕಿಂತ ಚೆಂದ. ನಮ್ಮಲ್ಲಿ ಹೆಚ್ಚಿನವರಿಗೆ ಬಲಗಾಲೇ ಆಟದ ಕಾಲು. ಎಡಗಾಲು ನಿಲ್ಲುವುದಕ್ಕೆ ಮಾತ್ರ. ಎದುರಾಳಿಗೆ ಇದು ಗೊತ್ತಾದರೆ ಅವನ ಕೆಲಸ ಸಲೀಸು. ಹುಡುಗರು ತಮ್ಮ ಬಲಹೀನವಾದ ಕಾಲಿನಿಂದಲೇ ಚೆಂಡು ಒದೆಯಬೇಕೆಂಬ ಷರತ್ತಿನ ಪಂದ್ಯಗಳನ್ನು ರಹೀಮರು ಆಡಿಸಿದರು. ಮೊದಮೊದಲು ಎಷ್ಟು ನಗೆಪಾಟಲಾಗಿರಬೇಕೆಂದು ಊಹಿಸಿಕೊಳ್ಳಿ. ಎಲ್ಲರೂ ಒಟ್ಟಿಗೆ ಎಡವುವ ಕಡೆ ನಾಚಿಕೆಗೆ ಜಾಗವಿಲ್ಲ. ನಾವು ಎಡಗೈಯಲ್ಲಿ ಬರೆಯಲು ಹೊರಟರೆ ಅಕ್ಷರ ಹೇಗೆ ಸೊಟ್ಟಗಾಗುತ್ತದೆಯೋ ಹಾಗೆ ಚೆಂಡು ಸೊಟ್ಟಗೆ ಹೋಗುತ್ತದೆ; ದಿನ ಕಳೆದಂತೆ ನೇರವಾಗುತ್ತದೆ. ಇವಲ್ಲದೆ ಇಂತಿಷ್ಟು ಎತ್ತರಕ್ಕಿಂತ ಕಡಿಮೆ ಇರುವ ಹುಡುಗರಿಗೇ ಮೀಸಲಾದ ಪಂದ್ಯಗಳನ್ನೂ ಏರ್ಪಡಿಸುತ್ತಿದ್ದರು. ವಯಸ್ಸಿಗಿಂತ ಮೊದಲೇ ಬೆಳೆದ ಹುಡುಗರ ಭುಜದ ಪೆಟ್ಟಿಗೆ ಸಿಕ್ಕಿ ಸಣ್ಣವರು ಆಟ ಬಿಟ್ಟುಹೋಗಬಾರದೆಂಬ ಯೋಚನೆ ಅದು. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ಮಗುವನ್ನು ಮರೆಯದ ಮಾಸ್ತರರಿಗಷ್ಟೇ ಇದು ಹೊಳೆದೀತು ಎಂದು ನಮ್ಮ ಅನಿಸಿಕೆ.

ಹೈದರಾಬಾದ್ ನಗರ ಪೊಲೀಸ್ ತಂಡದ ಹೆಸರನ್ನು ಹಳಬರು ಕೇಳಿರುತ್ತಾರೆ. ಸಣ್ಣ ತಂಡವಾಗಿ ಹುಟ್ಟಿ, ಊರಿನ ಒಳ್ಳೆಯ ಆಟಗಾರರನ್ನು ಪೊಲೀಸ್ ನೌಕರಿಗೆ ಸೇರಿಸಿಕೊಳ್ಳುತ್ತ ಬೆಳೆದ ತಂಡ ಅದು. ಬಡವರ ಮನೆಯ ಹುಡುಗನಿಗೆ ಚೆಂಡಿನಿಂದ ಒಂದು ನೌಕರಿ ದೊರೆಯುತ್ತಿದ್ದದ್ದು ಸಣ್ಣ ಮಾತಲ್ಲ. ಹೊರಗಿನವರು ಈ ತಂಡವನ್ನು ಮೊದಲು ಗಮನಿಸಿದ್ದು ನಮ್ಮ ಬೆಂಗಳೂರಿನಲ್ಲೇ: 1943ರಲ್ಲಿ ಅಲ್ಲಿ ನಡೆದ ಆಷ್ ಗೋಲ್ಡ್ ಕಪ್ ಪಂದ್ಯಾವಳಿಯಲ್ಲಿ ಬ್ರಿಟಿಷ್ ವಾಯುದಳದ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಬೆಂಗಳೂರಿಗೆ ಆಗಲೇ ಚೆಂಡಾಟದ ರುಚಿ ಚೆನ್ನಾಗಿ ಹತ್ತಿತ್ತು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಸೋಲ್ಜರುಗಳ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ಗೆದ್ದಿತು. ಕಂಟೋನ್ಮೆಂಟಿನ ಬೀದಿಗಳಿಂದ ಬಂದ ಹುಡುಗರ ತಂಡ ಅದು.

ರಹೀಮರ ತರಬೇತಿಯಲ್ಲಿ ನಗರ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. 1950ರಲ್ಲಿ ದಿಲ್ಲಿಯ ಡ್ಯೂರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡದೊಡನೆ ಸಮ ಮಾಡಿಕೊಂಡು, ಮತ್ತೆ ಆಡಿದಾಗ ಒಂದು ಗೋಲಿನಿಂದ ಸೋಲಿಸಿತು. ಕಾಲ್ಚೆಂಡೆಂದರೆ ಕಲ್ಕತ್ತೆ ಎಂದು ದೇಶವೆಲ್ಲ ನಂಬಿದ್ದ ಕಾಲದಲ್ಲಿ ಈ ಗೆಲುವು ದೊಡ್ಡ ಸುದ್ದಿಯಾಯಿತು. 1956 ಮತ್ತು 1957ರ ಸಂತೋಷ್ ಟ್ರೋಫಿಗಳೂ ಹೈದರಾಬಾದಿಗೇ ಬಂದವು. ಪಟ್ಟಿ ಇನ್ನೂ ಉದ್ದವಿದೆ, ಇಲ್ಲಿಗೆ ಸಾಕು.

ಪಟ್ಟಿಗಿಂತ ಒಬ್ಬ ಹುಡುಗನ ಸಂಗತಿ ಹೇಳುವುದು ಮೇಲು. ಸಿಕಂದರಾಬಾದಿನ ಹತ್ತಿರದ ಅಮ್ಮುಗುಡ ಎಂಬಲ್ಲಿ ತುಳಸೀದಾಸ್ ಬಲರಾಮನ್ ಎಂಬ ಬಡ ಹುಡುಗನಿದ್ದ. ನಮ್ಮ ಈ ಕಡೆಯವನೇ ಎನ್ನಬೇಕು, ತಮಿಳು ಮನೆತನ. ಬೂಟು ಕೊಳ್ಳಲು ಹಣವಿಲ್ಲದೆ, ಪೊಲೀಸರ ಹಳೆಯ ಬೂಟಿನ ಚರ್ಮದಿಂದ ಮೋಚಿಯ ಹತ್ತಿರ ಆಟದ ಬೂಟು ಮಾಡಿಸಿಕೊಂಡಿದ್ದನೆಂದು ಆತ ಮುಂದೆ ದೊಡ್ಡವನಾದ ಮೇಲೆ ನೆನಪಿಸಿಕೊಂಡಿದ್ದಾನೆ. ಇವನ ಆಟ ರಹೀಮರ ಕಣ್ಣಿಗೆ ಬಿತ್ತು. ಹೈದರಾಬಾದಿಗೆ ಅಭ್ಯಾಸಕ್ಕೆ ಬಾ ಎಂದರೆ ಹುಡುಗನ ಬಳಿ ಅಷ್ಟು ದೂರ ಬಂದು ಹೋಗುವ ಖರ್ಚಿಗೆ ಕಾಸಿಲ್ಲ. ಬಾಡಿಗೆ ಸೈಕಲ್ಲಿಗೆಂದು ರಹೀಮರೇ ಹಣ ಕೊಟ್ಟರು. ಹುಡುಗ ಸೈಕಲ್ ತುಳಿದುಕೊಂಡು ಬಂದ. ಹೈದರಾಬಾದ್ ತಂಡ ಸೇರಿದ. ಇಪ್ಪತ್ತು ವರ್ಷ ತುಂಬುತ್ತಿರುವಾಗ ಒಲಿಂಪಿಕ್ಸಿಗೆ ಮೆಲ್ಬರ್ನಿಗೆ ಹೋದ. ಬಲರಾಮನ್ 2023ರಲ್ಲಿ ತೀರಿಕೊಂಡರು. ನಮ್ಮ ದೇಶ ಕಂಡ ಅತ್ಯುತ್ತಮ ಮುನ್ನಡೆ ಆಟಗಾರರಲ್ಲಿ ಒಬ್ಬರೆಂದು ಎಲ್ಲರೂ ಒಪ್ಪುತ್ತಾರೆ. ಬಾಡಿಗೆ ಸೈಕಲ್ಲಿನ ಆ ಪುಡಿಗಾಸು ಯಾವ ಲೆಕ್ಕದ ಪುಸ್ತಕದಲ್ಲಿ ಸೇರಿತೋ!

ರಾಷ್ಟ್ರದ ತಂಡದ ಹೊಣೆ ರಹೀಮರಿಗೆ ಬಂದದ್ದು ಐವತ್ತರ ದಶಕದ ಆರಂಭದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಪಾಲು ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 2-1ರಿಂದ ಸೋತಿದ್ದರು. ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾಗದಿದ್ದರೆ ಗೆಲುವು ನಮ್ಮದೇ ಆಗುತ್ತಿತ್ತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ರಾಮನ್. ಬರಿಗಾಲಿನ ಆಟಗಾರರ ಬಗ್ಗೆ ಲಂಡನ್ನಿನವರು ಮೆಚ್ಚಿ ಮಾತಾಡಿದರು. ಆ ಮೆಚ್ಚುಗೆ ನಮಗೆ ಒಳ್ಳೆಯದು ಮಾಡಲಿಲ್ಲವೆಂದು ನಮಗೆ ತೋರುತ್ತದೆ. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮರ ತಂಡ ಇರಾನನ್ನು ಸೋಲಿಸಿ ಚಿನ್ನ ಗೆದ್ದಿತು. ಒಂದೇ ಒಂದು ಗೋಲು, ಹೊಡೆದವರು ಮೇವಾಲಾಲ್. ಎಲ್ಲರೂ ಹಿಗ್ಗಿದರು. ಬರಿಗಾಲೇ ಸಾಕೆಂಬ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಮರುವರ್ಷ ಹೆಲ್ಸಿಂಕಿಯಲ್ಲಿ ಪೆಟ್ಟು ಬಿತ್ತು. 1952ರ ಆ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಹೊಡೆಯಿತು. ನಮ್ಮದು ಒಂದು, ಅದೂ ಬೆಂಗಳೂರಿನ ಅಹಮದ್ ಖಾನರದು. ಚಳಿಯ ದೇಶದ ತೇವದ ನೆಲದಲ್ಲಿ ಬರಿಗಾಲು ಜಾರುತ್ತಿತ್ತು. ಹತ್ತಕ್ಕೆ ಒಂದು! ಅಂಕಪಟ್ಟಿಯಲ್ಲಿ ಇಂಥ ಅಂಕ ಬಂದರೆ ನಮ್ಮ ಹುಡುಗರು ಮನೆಗೆ ಹೋಗಲು ಹೆದರುತ್ತಾರೆ. ರಹೀಮರೂ ಈ ಸೋಲಿನ ಹೊಣೆಗಾರರೇ. ಅವರ ಜೀವನವನ್ನು ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುವುದುಂಟು, ಅದು ಸರಿಯಲ್ಲ. ಏಕೆಂದರೆ ಮುಂದಿನ ರಹೀಮರನ್ನು ಮಾಡಿದ್ದು ಈ ಹತ್ತು ಗೋಲುಗಳೇ. ಆ ಸೋಲಿನ ನಂತರ ಬೂಟು ಧರಿಸುವುದು ಕಡ್ಡಾಯವಾಯಿತು. ರಹೀಮರು ಮಾತ್ರ ಬೂಟಿನಲ್ಲಿಯೇ ಎಲ್ಲ ಇದೆಯೆಂದು ತಿಳಿಯಲಿಲ್ಲ. ಅದೇ ಕೂಟದಲ್ಲಿ ಚಿನ್ನ ಗೆದ್ದ ಹಂಗೇರಿಯವರು ಆಟಗಾರರನ್ನು ಮೈದಾನದಲ್ಲಿ ನಿಲ್ಲಿಸುವ ರೀತಿಯೇ ಬೇರೆಯಾಗಿತ್ತು. ನಡುವಿನ ಮುನ್ನಡೆ ಆಟಗಾರ ಎದುರಾಳಿಯ ಗೋಲಿನ ಮುಂದೆ ಕಾಯುತ್ತ ನಿಲ್ಲುವ ಬದಲು ಹಿಂದಕ್ಕೆ ಬಂದು ಚೆಂಡು ಪಡೆಯುತ್ತಿದ್ದ. ಅವನನ್ನು ಕಾಯಬೇಕಾದವನು ಅವನ ಬೆನ್ನು ಹತ್ತಿದರೆ ಹಿಂದೆ ಬಾಗಿಲು ತೆರೆದಂತೆ, ಹತ್ತದಿದ್ದರೆ ಇವನಿಗೆ ಸ್ವಾತಂತ್ರ್ಯ. ಈ ತಂತ್ರವನ್ನು ರಹೀಮರು ತಿರುಗಿಸಿ ಮುರುಗಿಸಿ ಅಭ್ಯಾಸ ಮಾಡಿ, ನಮ್ಮ ಹುಡುಗರ ಮೈಕಟ್ಟಿಗೆ ಹೊಂದಿಸಿದರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ನಿಲ್ಲುವ 4-2-4 ಕ್ರಮವನ್ನು 1958ರಲ್ಲಿ ಬ್ರೆಜಿಲ್ ಜಗತ್ತಿಗೆಲ್ಲ ಪರಿಚಯಿಸಿತೆಂದು ಹೇಳುತ್ತಾರಲ್ಲ, ಅದರ ಪ್ರಯೋಗವನ್ನು ರಹೀಮರು ಅದಕ್ಕೆ ಮೊದಲೇ ಇಲ್ಲಿ ಮಾಡಿದ್ದರು.

1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಇದರ ಫಲ ಕಂಡಿತು. ಹಂಗೇರಿ ಬಾರದ ಕಾರಣ ಮೊದಲ ಸುತ್ತು ಆಡದೆಯೇ ದಾಟಿತು. ಆಮೇಲೆ ಆತಿಥೇಯ ಆಸ್ಟ್ರೇಲಿಯವನ್ನು ಅವರ ನೆಲದಲ್ಲೇ 4-2ರಿಂದ ನಮ್ಮವರು ಸೋಲಿಸಿದರು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಏಷ್ಯದವರೊಬ್ಬರು ಒಂದೇ ಪಂದ್ಯದಲ್ಲಿ ಮೂರು ಹೊಡೆದದ್ದು ಅದೇ ಮೊದಲು. ಸೆಮಿಫೈನಲಿನಲ್ಲಿ ಎದುರಾದವರು ಅದೇ ಯುಗೊಸ್ಲಾವಿಯದವರು. ಮೊದಲ ಗೋಲು ನಮ್ಮದು. ಕೊನೆಗೆ ಸೋತದ್ದು 4-1ರಿಂದ. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಕ್ಕೆ ಸೋತು ನಾಲ್ಕನೆಯ ಸ್ಥಾನಕ್ಕೆ ನಿಂತೆವು. ಆ ಸಲ ಬಂದಿದ್ದ ತಂಡಗಳು ಹನ್ನೊಂದೇ ಎಂಬುದನ್ನು ಮರೆಯದೆ ಹೇಳಬೇಕು. ಆದರೂ ಏಷ್ಯದ ತಂಡವೊಂದು ಒಲಿಂಪಿಕ್ಸಿನ ಸೆಮಿಫೈನಲಿಗೆ ಏರಿದ್ದು ಅದೇ ಮೊದಲು. ನಾಲ್ಕು ವರ್ಷದ ಕೆಳಗೆ ಹತ್ತು ಗೋಲು ತಿಂದವರು ಇವರೇ. ಈ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು. 1960ರ ರೋಮ್ ಒಲಿಂಪಿಕ್ಸಿಗೂ ಅವರು ಹೋದರು. ರೋಮಿನಲ್ಲಿ ನಮ್ಮವರು ಹಂಗೇರಿಗೆ 2-1ರಿಂದ ಸೋತು, ಫ್ರಾನ್ಸಿನೊಡನೆ 1-1 ಸಮ ಮಾಡಿಕೊಂಡು, ಪೆರುವಿಗೆ ಸೋತು ಹಿಂದಿರುಗಿದರು. ಒಲಿಂಪಿಕ್ಸಿನಲ್ಲಿ ಭಾರತದ ಕಾಲ್ಚೆಂಡಾಟ ಅಲ್ಲಿಗೆ ನಿಂತಿತು. ಆಮೇಲೆ ನಮ್ಮ ಪುರುಷರ ತಂಡ ಅಲ್ಲಿಗೆ ಹೋಗಲೇ ಇಲ್ಲ.

ರೋಮಿಗೆ ಹೋದ ತಂಡದಲ್ಲಿ ರಹೀಮರ ಮಗ ಸೈಯದ್ ಶಾಹಿದ್ ಹಕೀಮರೂ ಇದ್ದರು. ತಂದೆ ತರಬೇತುದಾರ, ಮಗ ಆಟಗಾರ. ಮೂರು ಪಂದ್ಯಗಳಲ್ಲಿ ಒಂದರಲ್ಲಿಯೂ ಮಗನಿಗೆ ಕಣಕ್ಕಿಳಿಯುವ ಅವಕಾಶ ಸಿಗಲಿಲ್ಲ. ಶಾಲೆಯಲ್ಲಿ ತಮ್ಮ ಮಕ್ಕಳನ್ನೇ ವಿದ್ಯಾರ್ಥಿಗಳಾಗಿ ಪಡೆದ ಮಾಸ್ತರರಿಗೆ ಆ ಸಂಕಟ ಅರ್ಥವಾಗುತ್ತದೆ. ಮಕ್ಕಳ ಸಂಕಟ ಅದಕ್ಕಿಂತ ಹೆಚ್ಚಿನದೇನೋ.

ಇನ್ನು 1962. ಜಕಾರ್ತದ ಏಷ್ಯನ್ ಕ್ರೀಡಾಕೂಟ. ರಹೀಮರಿಗೆ ಆ ಹೊತ್ತಿಗೆ ಮೈಯಲ್ಲಿ ಸ್ವಸ್ಥವಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಹಿಡಿದಿತ್ತು. ಅವರಿಗೆ ಸಿಗರೇಟಿನ ಚಟವಿತ್ತೆಂಬುದನ್ನು ಬರೆಯುವಾಗ ನಮಗೆ ಮುಜುಗರವಾಗುತ್ತದೆ. ಆದರೆ ಮಕ್ಕಳು ಓದುವ ಪುಸ್ತಕದಲ್ಲಿ ಅದನ್ನು ಬಿಡುವುದು ಇನ್ನೂ ತಪ್ಪು. ಹುಡುಗರ ಉಸಿರಿನ ಬಲವನ್ನು ದಿನವೂ ಅಳೆಯುತ್ತಿದ್ದ ಮೇಷ್ಟ್ರು ತಮ್ಮ ಉಸಿರನ್ನು ಕಾಯ್ದುಕೊಳ್ಳಲಿಲ್ಲ.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 2-0ಯಿಂದ ಸೋಲು. ಮುಂದೆ ಥಾಯ್ಲೆಂಡನ್ನು 4-1ರಿಂದ ಸೋಲಿಸಿದರು, ಆದರೆ ಆ ಪಂದ್ಯದಲ್ಲಿ ರಕ್ಷಣೆಯ ಕಂಬದಂತಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಆರು ಹೊಲಿಗೆ ಬಿದ್ದವು. ಜಪಾನಿನ ಮೇಲೆ ಅವರಿಲ್ಲದೆಯೇ 2-0 ಗೆಲುವು. ಸೆಮಿಫೈನಲಿಗೆ ಹೇಗಾದರೂ ಅವರು ಬೇಕು. ಆದರೆ ಹೊಲಿಗೆ ಹಾಕಿದ ತಲೆಯಿಂದ ರಕ್ಷಣೆಯಲ್ಲಿ ಹಾರಿ ಹಾರಿ ಚೆಂಡು ತಡೆಯುವುದು ಹೇಗೆ? ರಹೀಮರು ಯಾರೂ ಎಣಿಸದ ಕೆಲಸ ಮಾಡಿದರು. ರಕ್ಷಣೆಯ ಆಟಗಾರನನ್ನು ತಂದು ಮುಂಭಾಗದ ನಡುವೆ ನಿಲ್ಲಿಸಿದರು. ಪಟ್ಟಿ ಕಟ್ಟಿದ ತಲೆಯ ಆ ಎತ್ತರದ ಆಳು ದಕ್ಷಿಣ ವಿಯೆಟ್ನಾಮಿನ ಮೇಲೆ ಗೋಲು ಹೊಡೆದರು. ನಾಯಕ ಚುನಿ ಗೋಸ್ವಾಮಿ ಎರಡು ಹೊಡೆದರು. 3-2ರಿಂದ ಗೆದ್ದು ಅಂತಿಮ ಪಂದ್ಯಕ್ಕೆ ಬಂದರು. ಅಲ್ಲಿ ಕಾಯುತ್ತಿದ್ದದ್ದು ಮೊದಲ ದಿನ ಸೋಲಿಸಿದ್ದ ಅದೇ ಕೊರಿಯ.

ಇಷ್ಟರಲ್ಲಿ ಮೈದಾನದ ಹೊರಗೆ ಬೇರೊಂದು ಬೆಂಕಿ ಹತ್ತಿತ್ತು. ಇಂಡೊನೇಷ್ಯ ಸರಕಾರ ಇಸ್ರೇಲ್ ಮತ್ತು ತೈವಾನಿನ ಆಟಗಾರರಿಗೆ ಪ್ರವೇಶ ಕೊಟ್ಟಿರಲಿಲ್ಲ. ಹೀಗಿರುವಾಗ ಇದನ್ನು ಏಷ್ಯನ್ ಕ್ರೀಡಾಕೂಟವೆಂದು ಕರೆಯುವುದು ಸರಿಯಲ್ಲವೆಂದು ನಮ್ಮ ದೇಶದ ಹಿರಿಯ ಕ್ರೀಡಾಧಿಕಾರಿ ಗುರುದತ್ತ ಸೋಂಧಿಯವರು ಆಕ್ಷೇಪಿಸಿದರು. ಏಷ್ಯನ್ ಕ್ರೀಡಾಕೂಟದ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಅವರೇ ಪ್ರಮುಖರು. ಜಕಾರ್ತದ ಜನ ಕೆರಳಿದರು. ಸೆಪ್ಟೆಂಬರ್ 3ರಂದು ಭಾರತದ ರಾಯಭಾರ ಕಚೇರಿಗೆ ಗುಂಪು ನುಗ್ಗಿತು. ಮರುದಿನವೇ ಕಾಲ್ಚೆಂಡಿನ ಅಂತಿಮ ಪಂದ್ಯ. ಆಡಲು ಹೋಗುವ ಹುಡುಗರು ಯಾವ ತಪ್ಪೂ ಮಾಡಿರಲಿಲ್ಲ. ಆದರೆ ಅವರ ಅಂಗಿಯ ಮೇಲೆ ಭಾರತದ ಹೆಸರಿತ್ತು.

ಪಂದ್ಯದ ಹಿಂದಿನ ರಾತ್ರಿ ರಹೀಮರು ಹುಡುಗರನ್ನೆಲ್ಲ ಕೂಡಿಸಿಕೊಂಡು ಮಾತಾಡಿದ್ದನ್ನು ಆ ತಂಡದ ಆಟಗಾರರು ಮುದುಕರಾಗುವವರೆಗೂ ಹೇಳುತ್ತಿದ್ದರು. ತಂತ್ರದ ಮಾತೆಲ್ಲ ಮುಗಿದ ಮೇಲೆ, ನಾಳೆ ನಿಮ್ಮಿಂದ ನನಗೊಂದು ಉಡುಗೊರೆ ಬೇಕು, ಆ ಚಿನ್ನವನ್ನು ಗೆದ್ದು ಕೊಡಿ ಎಂಬ ಅರ್ಥದ ಮಾತನ್ನು ಅವರು ಆಡಿದರಂತೆ. ಅವರ ಕಾಯಿಲೆ ಎಷ್ಟು ಮುಂದುವರಿದಿತ್ತೆಂಬುದು ಆಗ ಹುಡುಗರಿಗೆ ಪೂರ್ತಿ ತಿಳಿದಿರಲಿಲ್ಲ. ಮೇಷ್ಟ್ರು ತಮಗಾಗಿ ಏನನ್ನೂ ಕೇಳಿದ್ದು ಅವರು ಕಂಡಿರಲಿಲ್ಲವಾದ್ದರಿಂದ ಆ ಮಾತು ನಾಟಿತು.

ಸೆಪ್ಟೆಂಬರ್ 4. ಸೆನಯಾನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ. ನಮ್ಮ ರಾಷ್ಟ್ರಗೀತೆ ನುಡಿಸುವಾಗಲೂ ಕೂಗಾಟ ನಿಲ್ಲಲಿಲ್ಲ. ಇಡೀ ಕ್ರೀಡಾಂಗಣದಲ್ಲಿ ನಮ್ಮವರ ಪರವಾಗಿ ಚಪ್ಪಾಳೆ ಹೊಡೆಯುತ್ತಿದ್ದ ಕೆಲವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರೆಂಬುದು ಮರೆಯಬಾರದ ಸಂಗತಿ. ರಹೀಮರು ತಂಡದಲ್ಲಿ ಇನ್ನೊಂದು ಬದಲಾವಣೆ ಮಾಡಿದ್ದರು. ಜ್ವರದಿಂದ ಹಿಂದಿನ ಪಂದ್ಯಗಳಲ್ಲಿ ಹೊರಗಿದ್ದ ಪೀಟರ್ ತಂಗರಾಜರನ್ನು ಗೋಲಿನಲ್ಲಿ ನಿಲ್ಲಿಸಿದರು. ಕೊರಿಯದವರು ಎತ್ತರದ ಚೆಂಡುಗಳನ್ನು ತೂರಿಬಿಡುತ್ತಿದ್ದರು. ಆರಡಿಗೂ ಮಿಕ್ಕಿದ ತಂಗರಾಜರ ಕೈ ಅದಕ್ಕೆ ಬೇಕಾಗಿತ್ತು. ಈ ತಂಗರಾಜರು ನಮಗೆ ದೂರದವರಲ್ಲ. ಹುಟ್ಟಿದ್ದು ಹೈದರಾಬಾದಿನಲ್ಲಾದರೂ ಅವರು ಗೋಲ್ ಕೀಪರ್ ಆಗಿ ಪಳಗಿದ್ದು ನಮ್ಮ ಮೇಟುಪಾಳ್ಯದ ಮೇಲಿನ ನೀಲಗಿರಿ ಬೆಟ್ಟದಲ್ಲಿ, ವೆಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಿನ ಕೇಂದ್ರದಲ್ಲಿ. ಮೊದಲು ಮುನ್ನಡೆಯ ಆಟಗಾರರಾಗಿದ್ದವರು ಗೋಲಿಗೆ ಬದಲಾದದ್ದೂ ಅಲ್ಲಿಯೇ. ಆ ತಂಡ 1955 ಮತ್ತು 1958ರಲ್ಲಿ ಡ್ಯೂರಾಂಡ್ ಕಪ್ ಗೆದ್ದಿತ್ತು.

ಪಂದ್ಯ ಶುರುವಾಗಿ ಹದಿನೇಳನೆಯ ನಿಮಿಷಕ್ಕೆ ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದರು. ಇಪ್ಪತ್ತನೆಯ ನಿಮಿಷಕ್ಕೆ ಇನ್ನೊಂದು, ಹೊಡೆದವರು ಅದೇ ಹೊಲಿಗೆ ಹಾಕಿದ ತಲೆಯ ಜರ್ನೈಲ್ ಸಿಂಗರು. ಕೂಗುತ್ತಿದ್ದ ಲಕ್ಷ ಕಂಠಗಳು ತಣ್ಣಗಾದವು. ಉಳಿದ ಹೊತ್ತನ್ನೆಲ್ಲ ನಮ್ಮವರು ಹಲ್ಲು ಕಚ್ಚಿ ಕಾಯ್ದರು. ಕೊನೆಯ ನಿಮಿಷಗಳಲ್ಲಿ ಕೊರಿಯ ಒಂದು ಗೋಲು ಹೊಡೆಯಿತು. ಎರಡನೆಯದಕ್ಕೆ ಸಮಯ ಸಾಲಲಿಲ್ಲ. 2-1. ಹತ್ತು ದಿನ ಕಳೆಯುವಷ್ಟರಲ್ಲಿ ಅದೇ ತಂಡದ ಎದುರಿನ ಸೋಲು ಗೆಲುವಾಗಿ ತಿರುಗಿತ್ತು. ಏಷ್ಯನ್ ಕೂಟದಲ್ಲಿ ನಮ್ಮ ಕಾಲ್ಚೆಂಡಿನವರು ಆಮೇಲೆ 1970ರಲ್ಲಿ ಒಂದು ಕಂಚು ತಂದರು, ಅಷ್ಟೆ. ಚಿನ್ನ ಅಲ್ಲಿಂದೀಚೆಗೆ ಬಂದಿಲ್ಲ.

ರಹೀಮರು ಊರಿಗೆ ಹಿಂದಿರುಗಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. 1963ರ ಜೂನ್ 11ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಐವತ್ತನಾಲ್ಕು ತುಂಬಲು ಇನ್ನೂ ಎರಡು ತಿಂಗಳಿತ್ತು. ದೊಡ್ಡ ಬಿರುದುಗಳಾಗಲಿ ಹಣವಾಗಲಿ ಅವರಿಗೆ ಬರಲಿಲ್ಲ. ಅವರು ಕಟ್ಟಿದ ಪೊಲೀಸ್ ತಂಡ, ಆಂಧ್ರ ಪೊಲೀಸ್ ಎಂಬ ಹೆಸರಿನಲ್ಲಿ 1961ರಲ್ಲಿ ಇನ್ನೊಮ್ಮೆ ಡ್ಯೂರಾಂಡ್ ಕಪ್ ಗೆದ್ದಿದ್ದದ್ದು, ಅವರ ನಂತರ ಮೆಲ್ಲಮೆಲ್ಲನೆ ಮಸುಕಾಯಿತು. ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಲು ಅವರಿಗೆ ಪುರಸೊತ್ತಾಗಲಿಲ್ಲ. ಆಟಗಾರರನ್ನು ನೂರಾರು ಮಂದಿ ತಯಾರಿಸಿದವರು ಒಬ್ಬ ರಹೀಮನನ್ನು ತಯಾರಿಸಲಿಲ್ಲವಲ್ಲ ಎಂದು ನಾವು ಕೊರಗುವುದುಂಟು.

ಮಗ ಹಕೀಮರು ವಾಯುಪಡೆಯಲ್ಲಿ ಅಧಿಕಾರಿಯಾಗಿ, ಮುಂದೆ ಅಂತಾರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ, ತರಬೇತುದಾರರಾಗಿ ತಂದೆಯ ದಾರಿಯಲ್ಲೇ ನಡೆದರು. 2017ರಲ್ಲಿ ಅವರಿಗೆ ಧ್ಯಾನ್ ಚಂದ್ ಪ್ರಶಸ್ತಿ ಬಂತು. ತಂದೆಯ ಬಗ್ಗೆ ಕೇಳಿ ಬಂದವರಿಗೆಲ್ಲ ಬೇಸರವಿಲ್ಲದೆ ಹೇಳುತ್ತಿದ್ದರು. ಎಡಗಾಲಿನ ಪಂದ್ಯಗಳ, ಬೀದಿ ಕ್ಲಬ್ಬುಗಳ ಸಂಗತಿಗಳು ಇಂದು ನಮಗೆ ಗೊತ್ತಿರುವುದಕ್ಕೆ ಇಂಥವರ ನೆನಪಿನ ಶಕ್ತಿಯೂ ಕಾರಣ. 2021ರ ಆಗಸ್ಟ್ 22ರಂದು ಅವರು ಕಣ್ಣು ಮುಚ್ಚಿದರು. ತಂದೆಯ ಕಾಲದಲ್ಲಿ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ.